ರೋಗ್ಲಿಚ್‌ಗೆ ಹಳದಿ ಅಂಗಿ ಇನ್ನೂ ದಕ್ಕೀತೇ?

ಜಾತ್ರೆಯ ಸೈಕಲ್ ಶರ್ಯತ್ತಿನ ಲೆಕ್ಕ ಸರಳ. ಯಾರು ಮೊದಲು ಗೆರೆ ದಾಟುತ್ತಾರೋ ಅವರದ್ದೇ ಬಹುಮಾನ. ಜತ್ತ, ಅಕ್ಕಲಕೋಟೆ ಕಡೆಯವರಿಗಾಗಲಿ, ಆಚೆಯ ವಿಜಯಪುರ, ಬಾಗಲಕೋಟೆ, ಜಮಖಂಡಿ ಮಂದಿಗಾಗಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಫ್ರಾನ್ಸ್‌ನಲ್ಲಿ ನಡೆಯುವ ‘ಟೂರ್ ಡಿ ಫ್ರಾನ್ಸ್’ ಶರ್ಯತ್ತಿನ ಲೆಕ್ಕವೇ ಬೇರೆ. ಮೂರು ವಾರ, 21 ಹಂತ, ಮೂರೂವರೆ ಸಾವಿರ ಕಿ.ಮೀ. ಆಸುಪಾಸು ದಾರಿ. ಪ್ರತಿಯೊಬ್ಬ ದಿನಾ ತೆಗೆದುಕೊಂಡ ವೇಳೆಯನ್ನು ಕಿರ್ದಿಯಲ್ಲಿ ಬರೆದಂತೆ ಬರೆದು, ಕೊನೆಗೆ ಬೇರೀಜು ಹಾಕುತ್ತಾರೆ. ಯಾರ ಬೇರೀಜು ಕಡಿಮೆಯೋ ಅವನೇ ಗೆದ್ದವ. ಒಂದೂ ದಿನ ಮೊದಲು ಬಾರದೆ ಇಡೀ ಶರ್ಯತ್ತು ಗೆದ್ದವರೂ ಇದ್ದಾರೆ. 1990ರಲ್ಲಿ ಅಮೆರಿಕದ ಗ್ರೆಗ್ ಲೆಮಾಂಡ್ ಗೆದ್ದದ್ದು ಹಾಗೆಯೇ. ಬೇರೀಜಿನಲ್ಲಿ ಮುಂದಿರುವವನ ಮೈಮೇಲೆ ಹಳದಿ ಅಂಗಿ ಇರುತ್ತದೆ. ಕೊನೆಯ ದಿನ ಅದು ಯಾರ ಮೈಮೇಲೆ ಉಳಿಯಿತು ಅನ್ನುವುದೇ ಮುಖ್ಯ.

ಈ ಲೆಕ್ಕದಲ್ಲಿ ಪಳಗಿದ ಕೈ ಪ್ರಿಮೋಜ್ ರೋಗ್ಲಿಚ್. ಊರು ಯುರೋಪಿನ ಸ್ಲೊವೇನಿಯ. ಇಡೀ ದೇಶದ ಜನಸಂಖ್ಯೆ ಸೊಲ್ಲಾಪುರ ಜಿಲ್ಲೆಯ ಅರ್ಧದಷ್ಟು. ಮೂರು ವಾರದ ದೊಡ್ಡ ಶರ್ಯತ್ತುಗಳು ಜಗತ್ತಿನಲ್ಲಿ ಮೂರೇ ಮೂರು. ಅದರಲ್ಲಿ ಸ್ಪೇನಿನ ‘ವುವೆಲ್ಟಾ’ವನ್ನು ಅವ 2019, 2020, 2021 ಮತ್ತು 2024ರಲ್ಲಿ, ಅಂದರೆ ನಾಲ್ಕು ಸಲ ಗೆದ್ದ. ಇಟಲಿಯ ‘ಜಿರೊ’ 2023ರಲ್ಲಿ ಬಂತು. ಟೋಕಿಯೊ ಒಲಿಂಪಿಕ್ಸ್‌ನ ಚಿನ್ನವೂ ಮನೆಯಲ್ಲಿದೆ. ಟೂರ್ ಒಂದೇ ಬರಲಿಲ್ಲ. ಬರಲಿಲ್ಲ ಅನ್ನುವುದಕ್ಕಿಂತ ಹೊಸ್ತಿಲ ತನಕ ಬಂದು ತಿರುಗಿ ಹೋಯಿತು ಅನ್ನಬೇಕು.

ಹಾರುತ್ತಿದ್ದ ಹುಡುಗ

ರೋಗ್ಲಿಚ್ ಸಣ್ಣಂದಿನಿಂದ ಸೈಕಲ್ ತುಳಿದವನಲ್ಲ. ಅವನ ಆಟ ಸ್ಕೀ ಜಂಪಿಂಗ್. ಹಿಮದ ಇಳಿಜಾರಿನಲ್ಲಿ ಜಾರಿ ಬಂದು ಗಾಳಿಗೆ ಹಾರಿ ದೂರ ಹೋಗಿ ಇಳಿಯುವ ಆಟ. 2007ರಲ್ಲಿ ಕಿರಿಯರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದ ಸ್ಲೊವೇನಿಯ ತಂಡದಲ್ಲಿ ಅವನೂ ಇದ್ದ. ಅದೇ ವರ್ಷ ಪ್ಲಾನಿತ್ಸದಲ್ಲಿ ಹಾರುವಾಗ ಕೆಟ್ಟದಾಗಿ ಬಿದ್ದ. ಕೆಲವು ವರ್ಷಗಳ ನಂತರ ಆ ಆಟ ಬಿಟ್ಟು ಸೈಕಲ್ಲಿಗೆ ಬಂದ. 2013ರಲ್ಲಿ ತನ್ನ ದೇಶದ ಒಂದು ಸಣ್ಣ ತಂಡ ಸೇರಿದಾಗ ವಯಸ್ಸು 23. ಉಳಿದವರು ಅಷ್ಟೊತ್ತಿಗೆ ಹತ್ತು ವರ್ಷದ ಅನುಭವ ಕಟ್ಟಿಕೊಂಡಿರುತ್ತಾರೆ. 2017ರ ಟೂರ್‌ನಲ್ಲಿ ಒಂದು ಹಂತ ಗೆದ್ದ. ಸ್ಲೊವೇನಿಯದವರಲ್ಲಿ ಅದೇ ಮೊದಲು. 2018ರ ಟೂರ್‌ನಲ್ಲಿ ಒಟ್ಟಾರೆ ನಾಲ್ಕನೆಯವ.

57 ಸೆಕೆಂಡಿನ ಜಮಾ

2020ರಲ್ಲಿ ಕೊರೊನಾದಿಂದಾಗಿ ಟೂರ್ ಆಗಸ್ಟ್ ಕೊನೆಗೆ ಶುರುವಾಯಿತು. ಒಂಬತ್ತನೆಯ ಹಂತಕ್ಕೆ ಹಳದಿ ಅಂಗಿ ರೋಗ್ಲಿಚ್ ಮೈಮೇಲೆ ಬಂತು. ಮುಂದೆ 11 ದಿನ ಅಲ್ಲೇ ಇತ್ತು. ಅವನ ತಂಡವಂತೂ ಕೋಟೆ ಕಟ್ಟಿದಂತೆ ಸುತ್ತ ನಿಂತಿತ್ತು. ಸೈಕಲ್ ಶರ್ಯತ್ತಿನಲ್ಲಿ ಎದುರುಗಾಳಿಯೇ ದೊಡ್ಡ ವೈರಿ. ಮುಂದಿನವನ ಬೆನ್ನಿಗೆ ಅಂಟಿಕೊಂಡು ಹೋದರೆ ಹಿಂದಿನವನ ದಣಿವು ಎಷ್ಟೋ ಕಡಿಮೆ. ಅದಕ್ಕೇ ತಂಡದ ಏಳು ಮಂದಿ ತಮ್ಮ ಕಾಲು ಸವೆಸಿ ಒಬ್ಬ ನಾಯಕನನ್ನು ಕಾಪಾಡಿಕೊಂಡು ಹೋಗುತ್ತಾರೆ. ಆ ವರ್ಷ ಘಾಟಗಳಲ್ಲಿ ದಿನಾ ಅದೇ ನೋಟ. ಮುಂದೆ ರೋಗ್ಲಿಚ್ ತಂಡ, ಹಿಂದೆ ಉಳಿದ ಮಂದಿ.

ಬೆನ್ನು ಬಿಡದೆ ಬಂದವ ಒಬ್ಬನೇ. ಅವನೂ ಸ್ಲೊವೇನಿಯದವನೇ. ತಾದೆಯ್ ಪೊಗಾಚಾರ್, ವಯಸ್ಸು ಇನ್ನೂ 21. ಏಳನೆಯ ಹಂತದಲ್ಲಿ ಅಡ್ಡಗಾಳಿಗೆ ಸಿಕ್ಕು ಒಂದು ನಿಮಿಷ 21 ಸೆಕೆಂಡು ಕಳೆದುಕೊಂಡಿದ್ದ. ಅದನ್ನು ಚಿಲ್ಲರೆ ಚಿಲ್ಲರೆಯಾಗಿ ತುಂಬಿಕೊಳ್ಳುತ್ತ ಬಂದ. 20ನೆಯ ಹಂತದ ಮುಂಜಾನೆ ಇಬ್ಬರ ನಡುವೆ ಉಳಿದದ್ದು 57 ಸೆಕೆಂಡು. ಮರುದಿನ ಪ್ಯಾರಿಸ್, ಅದು ಬರೀ ಮೆರವಣಿಗೆ. ಅಂದರೆ ಎಲ್ಲ ತೀರ್ಮಾನ ಈ ಒಂದು ದಿನದ್ದೇ.

ಆ ದಿನ, ಸೆಪ್ಟೆಂಬರ್ 19, ಟೈಮ್ ಟ್ರಯಲ್. ತಂಡವಿಲ್ಲ, ಬೆನ್ನು ಕೊಡುವವರಿಲ್ಲ. ಒಬ್ಬೊಬ್ಬರೇ ಹೊರಟು ಗಡಿಯಾರದೊಂದಿಗೆ ಓಡಬೇಕು. ದೂರ 36.2 ಕಿ.ಮೀ., ಹೆಚ್ಚುಕಡಿಮೆ ಸೊಲ್ಲಾಪುರದಿಂದ ಅಕ್ಕಲಕೋಟೆ ಅಂತ ಇಟ್ಟುಕೊಳ್ಳಿ. ಆದರೆ ಕೊನೆಯ ಆರು ಕಿ.ಮೀ. ‘ಲಾ ಪ್ಲಾಂಶ್ ದೆ ಬೆಲ್ ಫೀಯ್’ ಅನ್ನುವ ಘಾಟ. ನೂರು ಮೀಟರ್ ಮುಂದೆ ಹೋದರೆ ಎಂಟೂವರೆ ಮೀಟರ್ ಏರಬೇಕು. ಟೈಮ್ ಟ್ರಯಲ್ ಅಂದರೆ ರೋಗ್ಲಿಚ್‌ನ ಬಲದ ಆಟ. ಮಂದಿ ಅವನ ಗೆಲುವನ್ನು ಬರೆದೇ ಇಟ್ಟಿದ್ದರು. ಆದರ ಆಗಿದ್ದು ಬ್ಯಾರೆ.

ಘಾಟದ ಬುಡ ಮುಟ್ಟುವುದರೊಳಗೆ ಪೊಗಾಚಾರ್ ಅರ್ಧ ನಿಮಿಷಕ್ಕೂ ಹೆಚ್ಚು ಮುರಿದಿದ್ದ. ಏರಿನಲ್ಲಿ ಉಳಿದದ್ದೂ ಹೋಯಿತು. ರೋಗ್ಲಿಚ್‌ನ ಹೆಲ್ಮೆಟ್ ತಲೆಯ ಮೇಲೆ ಓರೆಯಾಗಿತ್ತು, ಮುಖ ಬಿಳಿಚಿತ್ತು. ತಮ್ಮ ಸರದಿ ಮುಗಿಸಿ ಮೇಲೆ ಕುಳಿತಿದ್ದ ಅವನ ತಂಡದ ಡುಮೊಲಿನ್, ವಾನ್ ಆರ್ಟ್ ಪರದೆ ನೋಡುತ್ತ ಕಲ್ಲಾಗಿದ್ದರು. ಆ ಹಂತದಲ್ಲಿ ರೋಗ್ಲಿಚ್ ಐದನೆಯವ. ಪೊಗಾಚಾರ್‌ಗಿಂತ ಒಂದು ನಿಮಿಷ 56 ಸೆಕೆಂಡು ಹೆಚ್ಚು ತೆಗೆದುಕೊಂಡಿದ್ದ. 57ರ ಜಮಾ ಹೋಗಿ 59ರ ಸಾಲ. 87 ತಾಸು ತುಳಿದ ಮೇಲೆ ವ್ಯತ್ಯಾಸ ಅಷ್ಟೇ! ಸೋತವ ಅಲ್ಲೇ ಹೋಗಿ ಗೆದ್ದ ಹುಡುಗನನ್ನು ತಬ್ಬಿಕೊಂಡ.

ಅವಕಾಶ ಹೋದದ್ದು ಆ ಘಾಟದಲ್ಲೇ ಅಂತ ಎಲ್ಲರೂ ಬರೆದರು. ಹಾಗೆ ಹೇಳುವುದು ಪೂರ್ತಿ ಸರಿಯಲ್ಲ. ಎದುರಾಳಿಗೆ ತಂಡದ ಬಲ ಇಲ್ಲದಾಗ, ತನ್ನ ತಂಡ ಗಟ್ಟಿಯಿದ್ದಾಗ, ಇನ್ನೊಂದು ನಿಮಿಷ ಗಳಿಸಿಡಬಹುದಿತ್ತು. ಬದಲಿಗೆ ಮೂರು ವಾರ ಕಾವಲು ಕಾದರು, ಹೊಡೆಯಲಿಲ್ಲ. ಬಂದ ಲಾಭ ಸಾಕೆಂದು ಅಂಗಡಿ ಬೇಗ ಮುಚ್ಚಿದಂತೆ ಆಯಿತು.

ಬಿದ್ದ ಲೆಕ್ಕ

ಆಮೇಲಿನ ಟೂರ್‌ಗಳ ಕತೆ ಬೀಳುವುದರದ್ದೇ. 2021ರಲ್ಲಿ ಮೂರನೆಯ ಹಂತದಲ್ಲಿ ಬಿದ್ದು, ಒಂಬತ್ತನೆಯದಕ್ಕೆ ಮೊದಲೇ ಮನೆಗೆ ಹೋದ. 2022ರಲ್ಲಿ ಐದನೆಯ ಹಂತದಲ್ಲಿ ಬಿದ್ದು ಭುಜದ ಕೀಲು ತಪ್ಪಿತು. ದಾರಿ ಬದಿ ನೋಡಲು ಬಂದವರ ಕುರ್ಚಿಯ ಮೇಲೆ ಕುಳಿತು ತಾನೇ ಅದನ್ನು ಕೂಡಿಸಿಕೊಂಡು ಮತ್ತೆ ಸೈಕಲ್ ಹತ್ತಿದ. ಆ ಸ್ಥಿತಿಯಲ್ಲೇ ಘಾಟಗಳಲ್ಲಿ ಪೊಗಾಚಾರ್‌ನನ್ನು ದಣಿಸಿ ತನ್ನ ತಂಡದ ಯೋನಾಸ್ ವಿಂಗೆಗೊಗೆ ದಾರಿ ಮಾಡಿಕೊಟ್ಟ. ವಿಂಗೆಗೊ ಟೂರ್ ಗೆದ್ದಾಗ ಇವ ಶರ್ಯತ್ತಿನಲ್ಲಿ ಇರಲಿಲ್ಲ, 15ನೆಯ ಹಂತಕ್ಕೆ ಮೊದಲೇ ಬಿಟ್ಟಿದ್ದ. 2024ರಲ್ಲಿ ಹೊಸ ತಂಡ, ಹೊಸ ಆಸೆ. 12ನೆಯ ಹಂತದಲ್ಲಿ ಮತ್ತೆ ಬಿದ್ದ.

ಆದರೆ ಬಿದ್ದಲ್ಲೇ ಉಳಿಯುವ ಆಸಾಮಿ ಅಲ್ಲ. 2023ರ ಜಿರೊದಲ್ಲಿ ಲೆಕ್ಕ ತಿರುಗಾ ಮುರುಗಾ ಆಗಿತ್ತು. ಕೊನೆಯ ಘಾಟದ ಟೈಮ್ ಟ್ರಯಲ್‌ಗೆ ಮೊದಲು ಬ್ರಿಟನ್ನಿನ ಜೆರೈಂಟ್ ಥಾಮಸ್‌ಗಿಂತ 26 ಸೆಕೆಂಡು ಹಿಂದಿದ್ದ. ಏರಿನ ನಡುವೆ ಸೈಕಲ್ ಚೈನೇ ಕಳಚಿಬಿತ್ತು! ಇಳಿದು ಹಾಕಿಕೊಂಡ. ಪಕ್ಕದಲ್ಲಿದ್ದ ಒಬ್ಬ ಹಿಂದಿನಿಂದ ನೂಕಿ ಏರಿಸಿದ. ನೋಡಿದರೆ ಅವ 2007ರ ಅದೇ ಸ್ಕೀ ಜಂಪಿಂಗ್ ತಂಡದ ಹಳೆಯ ಜೊತೆಗಾರ! ಥಾಮಸ್‌ಗಿಂತ 40 ಸೆಕೆಂಡು ಬೇಗ ಮುಗಿಸಿದ, 14 ಸೆಕೆಂಡಿನಿಂದ ಜಿರೊ ಗೆದ್ದ.

ಇನ್ನು ಅವಕಾಶ ಎಷ್ಟು?

ಸೀದಾ ಹೇಳುವುದಾದರೆ ಬಹಳ ಸಣ್ಣದು. 2020ರಿಂದ 2025ರ ತನಕದ ಆರು ಟೂರ್‌ಗಳಲ್ಲಿ ನಾಲ್ಕು ಪೊಗಾಚಾರ್‌ಗೆ, ಎರಡು ವಿಂಗೆಗೊಗೆ. ಮೂರನೆಯವನಿಗೆ ಬಾಗಿಲೇ ತೆರೆದಿಲ್ಲ. ವಯಸ್ಸಿನ ಲೆಕ್ಕವೂ ಉಂಟು. ಟೂರ್ ಗೆದ್ದವರಲ್ಲಿ ಹಿರಿಯ ಬೆಲ್ಜಿಯಂನ ಫಿರ್ಮಿನ್ ಲಾಂಬೊ. 1922ರಲ್ಲಿ ಗೆದ್ದಾಗ ಅವನಿಗೆ 36 ವರ್ಷ. ರೋಗ್ಲಿಚ್‌ಗೆ 2025ರ ಅಕ್ಟೋಬರ್‌ನಲ್ಲೇ 36 ತುಂಬಿತು. ಮುಂದೆ ಯಾವ ಜುಲೈಯಲ್ಲಿ ಗೆದ್ದರೂ ನೂರು ವರ್ಷ ದಾಟಿದ ಆ ದಾಖಲೆ ಮುರಿದೇ ಗೆಲ್ಲಬೇಕು.

2025ರಲ್ಲಿ ಮಾತ್ರ ಐದು ವರ್ಷದ ನಂತರ ಒಂದು ಸಮಾಧಾನ ಸಿಕ್ಕಿತು. ಟೂರ್‌ನಲ್ಲಿ ಯಾವ ದೊಡ್ಡ ಅಪಘಾತವೂ ಆಗಲಿಲ್ಲ. 18 ಹಂತ ಮುಗಿದಾಗ ರೋಗ್ಲಿಚ್ ಐದನೆಯವ. ಅವನ ತಂಡದ ಹುಡುಗ ಫ್ಲೋರಿಯಾನ್ ಲಿಪೊವಿಟ್ಜ್ ಮೂರನೆಯವ. ಸುಮ್ಮನೆ ಗಾಲಿಗೆ ಗಾಲಿ ಅಂಟಿಸಿಕೊಂಡು ಹೋಗಿದ್ದರೆ ಆ ಐದನೆಯ ಸ್ಥಾನ ಬಹುಶಃ ಉಳಿಯುತ್ತಿತ್ತು. ಅವ ಹಾಗೆ ಮಾಡಲಿಲ್ಲ. 19ನೆಯ ಹಂತ, ಲಾ ಪ್ಲಾನ್ಯ ಘಾಟದ ದಿನ, ಗುರಿ ಇನ್ನೂ ದೂರವಿರುವಾಗಲೇ ಗುಂಪು ಬಿಟ್ಟು ಒಬ್ಬನೇ ಮುಂದೆ ಓಡಿದ. ಸ್ವಲ್ಪ ಹೊತ್ತಿಗೆ ಕಾಲು ಸೋತವು. ಹಿಂದಿನವರು ಬಂದು ದಾಟಿ ಹೋದರು, 12 ನಿಮಿಷಕ್ಕೂ ಹೆಚ್ಚು ಹೋಯಿತು. ಪ್ಯಾರಿಸ್‌ಗೆ ಬಂದಾಗ ಸ್ಥಾನ ಎಂಟು. ಲಿಪೊವಿಟ್ಜ್ ಮೂರನೆಯವನಾಗಿ ಪೊಗಾಚಾರ್, ವಿಂಗೆಗೊ ಪಕ್ಕದಲ್ಲಿ ವೇದಿಕೆ ಹತ್ತಿದ.