ಕಣ್ಣಿಗೆ ಕಾಣದ ಎರಡು ಸ್ಪೇಸು

ಸಂಜೆ ಆರೂವರೆ. ಬೆಳ್ಳಂದೂರಿನ ಆಫೀಸಿನ ಏಳನೇ ಮಹಡಿ. ಮಳೆ ಈಗಷ್ಟೇ ನಿಂತಿದೆ, ಗಾಜಿನಾಚೆ ರಿಂಗ್ ರೋಡಿನ ಉದ್ದಕ್ಕೂ ಕೆಂಪು ದೀಪಗಳು ಕದಲದೆ ನಿಂತಿವೆ. ಎರಡು ತಿಂಗಳ ಹಿಂದೆ ಸೇರಿದ ಹಾಸನದ ಹುಡುಗಿ ಕ್ಯಾಬಿಗೆ ಹೊತ್ತಾಯಿತೆಂದು ಬ್ಯಾಗು ಹೆಗಲಿಗೇರಿಸಿಕೊಂಡೇ ಗಿಟ್ ಪುಶ್ ಕೊಟ್ಟಳು. ಪರದೆಯಲ್ಲಿ ಮೂಡಿದ್ದು: ರಿಜೆಕ್ಟೆಡ್.

"ಸರ್, ಟೆಸ್ಟ್ ಎಲ್ಲಾ ಪಾಸಾಗಿದೆ. ಬರೀ ಸ್ಪೇಸಿಗೋಸ್ಕರ ವಾಪಸ್ ಕಳಿಸ್ತಿದೆಯಲ್ಲ!"

ಹೋಗಿ ನೋಡಿದೆ. ಒಂದು ಸಾಲಿನ ತುದಿಯಲ್ಲಿ ಕಣ್ಣಿಗೆ ಕಾಣದ ಎರಡು ಸ್ಪೇಸು. ಅದರ ಕೆಳಗೆ ನಾಲ್ಕು ಸ್ಪೇಸ್ ಇರಬೇಕಾದಲ್ಲಿ ಟ್ಯಾಬು.

"ನಿನ್ನ ಲ್ಯಾಪ್‌ಟಾಪಿನ ಹುಕ್ ಹೇಳ್ಲಿಲ್ವೇನಮ್ಮ?"

"ಹೊಸದಾಗಿ ಕ್ಲೋನ್ ಮಾಡ್ಕೊಂಡೆ ಸರ್. ಹುಕ್ ಹಾಕ್ಕೊಳ್ಳೋದು ಮರೆತೆ."

ಅವಳನ್ನು ದೂರುವಂತಿಲ್ಲ. ಕ್ಲೋನ್ ಮಾಡಿದರೆ ಕೋಡ್ ಬರುತ್ತದೆ, ಇತಿಹಾಸ ಬರುತ್ತದೆ, ಕಮಿಟ್‌ಗೆ ಮೊದಲು ಕೋಡನ್ನು ಪರೀಕ್ಷಿಸುವ ಹುಕ್ ಮಾತ್ರ ಬರುವುದಿಲ್ಲ. ಹಾಕಿಕೊಂಡರೂ ಕಮಿಟ್ ಮಾಡುವಾಗ 'ನೋ-ವೆರಿಫೈ' ಎಂದು ಸೇರಿಸಿದರೆ ಪ್ರೀ-ಕಮಿಟ್ ಹುಕ್ ಸುಮ್ಮನಾಗುತ್ತದೆ. ಅದಕ್ಕೇ ಸರ್ವರಿನ ಬಾಗಿಲಲ್ಲಿ ಪ್ರೀ-ರಿಸೀವ್ ಹುಕ್ಕನ್ನು ಕಾವಲಿಗಿಟ್ಟಿದ್ದೇವೆ. ಅಲ್ಲಿ ಯಾರ ಮುಲಾಜೂ ಇಲ್ಲ. ನನ್ನ ಕೋಡೂ ಅಲ್ಲಿಂದ ಹಿಂದಿರುಗಿದ್ದುಂಟು.

ಈ ಕಾವಲಿಲ್ಲದ ದಿನಗಳನ್ನೂ ಕಂಡಿದ್ದೇನೆ. ಹಳೆಯ ಕೆಲಸದಲ್ಲಿ ನನ್ನದೊಂದು ರಿವ್ಯೂಗೆ ಹತ್ತೊಂಬತ್ತು ಟಿಪ್ಪಣಿ ಬಿದ್ದಿದ್ದವು. ಎಲ್ಲವೂ ಬ್ರಾಕೆಟ್ಟು, ಖಾಲಿ ಸಾಲುಗಳ ಬಗ್ಗೆಯೇ. ಲೆಕ್ಕವೇ ತಪ್ಪಿದ್ದ ಸಾಲನ್ನು ಒಬ್ಬರೂ ನೋಡಲಿಲ್ಲ. ಅದು ಗ್ರಾಹಕರ ಬಿಲ್ಲಿನಲ್ಲಿ ಸಿಕ್ಕಿತು.

ಸಾಲಿನ ಓರಣ ಬರೀ ಅಂದಕ್ಕಲ್ಲ. 2014ರಲ್ಲಿ ಬೆಳಕಿಗೆ ಬಂದಂತೆ, ಆಪಲ್‌ನ ಭದ್ರತಾ ಕೋಡಿನಲ್ಲಿ 'ಗೋಟು ಫೇಲ್' ಎಂಬ ಸಾಲು ಎರಡು ಸಲ ಬಿದ್ದಿತ್ತು. ಎರಡನೆಯದೂ ಮೊದಲಿನಷ್ಟೇ ಒಳಸರಿದಿದ್ದರಿಂದ ಷರತ್ತಿಗೆ ಸೇರಿದ್ದೆಂದೇ ಕಾಣುತ್ತಿತ್ತು. ನಿಜಕ್ಕೂ ಅದು ಷರತ್ತಿನ ಹೊರಗಿತ್ತು, ಪ್ರತಿ ಸಲವೂ ಓಡಿ ಸಹಿ ಪರೀಕ್ಷೆಯನ್ನೇ ಹಾರಿಸುತ್ತಿತ್ತು. ಸಾಲುಗಳನ್ನು ತಾನೇ ಓರಣ ಮಾಡುವ ಫಾರ್ಮ್ಯಾಟರ್ ಓಡಿಸಿದ್ದರೆ ಆ ಸಾಲು ಎಡಕ್ಕೆ ಸರಿದು ನಿಲ್ಲುತ್ತಿತ್ತು.

ಹುಡುಗಿ ಬ್ಯಾಗು ಕೆಳಗಿಟ್ಟಳು. ಫಾರ್ಮ್ಯಾಟರ್ ಓಡಿಸಿ, ಕಮಿಟ್ ತಿದ್ದಿ, ಮತ್ತೆ ಪುಶ್ ಮಾಡಿದಳು. ಈ ಸಲ ಹೋಯಿತು. ಒಂದೇ ನಿಮಿಷದ ಕೆಲಸ. ಲಿಫ್ಟಿನ ಕಡೆ ಓಡಿದಳು. ಕ್ಯಾಬ್ ಇನ್ನೂ ಸಿಗ್ನಲ್ಲಿನಲ್ಲೇ ಇತ್ತು.

ಹೊಸ ರೆಪೊಸಿಟರಿ ತೆರೆಯುವವರು ಈ ಕಾವಲನ್ನು ಮೊದಲ ದಿನವೇ ಹಾಕಿ. ಮೂರು ವರ್ಷ ಬಿಟ್ಟು ಎಲ್ಲ ಫೈಲನ್ನೂ ಒಟ್ಟಿಗೆ ಓರಣ ಮಾಡಿದರೆ, ಗಿಟ್ ಬ್ಲೇಮ್‌ನಲ್ಲಿ ಬದಲಾದ ಸಾಲುಗಳ ಎದುರೆಲ್ಲ ಓರಣ ಮಾಡಿದವರ ಹೆಸರೇ ಬರುತ್ತದೆ, ಬರೆದವರದ್ದಲ್ಲ.