ಚೊಗರು ಹೋಗುತ್ತದೆ, ಹಚ್ಚೆ ಹೋಗುವುದಿಲ್ಲ

ಉಬ್ರಾಣಿಯಿಂದ ಚನ್ನಗಿರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಮೇಲಿನ ಕಂಬಿ ಹಿಡಿದ ಕೈಗಳನ್ನು ನೋಡುತ್ತ ನಿಲ್ಲಬಹುದು. ತಾಂಡಾದ ಅಜ್ಜಿಯ ಮುಂಗೈ ಮೇಲೆ ಹಸಿರು ಚುಕ್ಕಿಗಳ ಸಾಲು. ಅಂಚು ಕದಡಿ ಒಂದಕ್ಕೊಂದು ಅಂಟಿಕೊಂಡಿವೆ. ಪಕ್ಕದ ಕಾಲೇಜು ಹುಡುಗನ ಬಲಗೈಯಲ್ಲಿ ಹೃದಯದ ಚಿತ್ರ, ಅದರೊಳಗೆ ಇಂಗ್ಲಿಷ್ ಅಕ್ಷರದಲ್ಲಿ ಒಂದು ಹೆಸರು. ಅಡಿಕೆ ಸುಗ್ಗಿಯಾದರೆ ಇನ್ನೊಂದು ಥರದ ಕೈಯೂ ಕಾಣುತ್ತದೆ. ಹಸಿ ಅಡಿಕೆ ಸುಲಿದೂ ಸುಲಿದೂ ಬೆರಳೆಲ್ಲ ಕಪ್ಪಾದ ಕೈ.

ಎಷ್ಟು ಸೋಪು ಹಾಕಿ ತಿಕ್ಕಿದರೂ ಬಿಡದ ಆ ಚೊಗರು ಕೆಲವು ವಾರ ಕಳೆದರೆ ತಾನೇ ಹೋಗುತ್ತದೆ. ಅಜ್ಜಿಯ ಹಚ್ಚೆ ಆಯುಷ್ಯವಿಡೀ ಇದ್ದರೂ ಹೋಗಿಲ್ಲ. ಎರಡೂ ಬಣ್ಣವೇ, ಎರಡೂ ಚರ್ಮಕ್ಕೇ ಹತ್ತಿದ್ದು. ವ್ಯತ್ಯಾಸವಿರುವುದು ಒಂದೆರಡು ಮಿಲಿಮೀಟರ್ ಆಳದಲ್ಲಿ. ಚೊಗರು ಕೂತಿರುವುದು ಮೇಲ್ಚರ್ಮದ ಮೇಲೆ. ಆ ಪದರ ಸುಮಾರು ಒಂದು ತಿಂಗಳಿಗೊಮ್ಮೆ ಪುಡಿಯಾಗಿ ಉದುರಿ ಹೊಸದಾಗುತ್ತಿರುತ್ತದೆ, ಜೊತೆಗೆ ಕಲೆಯೂ ಉದುರುತ್ತದೆ. ಹಚ್ಚೆಯ ಸೂಜಿ ಆ ಪದರವನ್ನು ದಾಟಿ ಕೆಳಗಿನ ಒಳಚರ್ಮದಲ್ಲಿ ಬಣ್ಣ ಇಳಿಸುತ್ತದೆ. ಅಲ್ಲಿ ಉದುರುವ ಮಾತಿಲ್ಲ.

ಬಣ್ಣ ಒಳಗೆ ಬಿದ್ದ ಕೂಡಲೇ ದೇಹದ ಕಾವಲು ಕಣಗಳು ಓಡಿಬಂದು ಅದನ್ನು ನುಂಗುತ್ತವೆ. ಮ್ಯಾಕ್ರೋಫೇಜ್ ಎಂದು ಇವುಗಳ ಹೆಸರು. ರೋಗಾಣುವಾಗಿದ್ದರೆ ಅರಗಿಸಿಬಿಡುತ್ತಿದ್ದವು, ಮಸಿಯ ಹರಳು ಅರಗುವುದಿಲ್ಲ. ನುಂಗಿದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಲ್ಲೇ ಕೂರುತ್ತವೆ. ಆ ಕಣ ಸತ್ತರೆ? 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಸತ್ತ ಕಣದಿಂದ ಹೊರಬಿದ್ದ ಬಣ್ಣವನ್ನು ಹೊಸದಾಗಿ ಬಂದ ಕಣಗಳು ಅಲ್ಲಿಯೇ ಮತ್ತೆ ನುಂಗಿದ್ದವು. ಚಿತ್ರ ಅಲುಗಲಿಲ್ಲ. ನಾವು ಶಾಶ್ವತ ಎನ್ನುವ ಹಚ್ಚೆ ಹೀಗೆ ಕೈಯಿಂದ ಕೈಗೆ ದಾಟುತ್ತ ಉಳಿದದ್ದು.

ಅಜ್ಜಿಯ ಹಚ್ಚೆ ಹಸಿರಾಗಿ ಕಾಣುವುದಕ್ಕೂ ಸೊಪ್ಪಿನ ರಸಕ್ಕೂ ಸಂಬಂಧವಿಲ್ಲ. ಅದರೊಳಗೆ ಉಳಿದಿರುವುದು ದೀಪದ ಮಸಿ, ಅಂದರೆ ಬರಿ ಇಂಗಾಲ, ಅಪ್ಪಟ ಕಪ್ಪು. ಚರ್ಮ ಬೆಳಕಿನ ನೀಲಿ ಭಾಗವನ್ನು ಮೇಲ್ಮೇಲೇ ಚದುರಿಸಿ ನಮ್ಮ ಕಣ್ಣಿಗೆ ವಾಪಸು ಕಳಿಸುತ್ತದೆ, ಕೆಂಪು ಭಾಗ ಆಳಕ್ಕಿಳಿದು ಮಸಿಯಲ್ಲಿ ಮುಳುಗಿಹೋಗುತ್ತದೆ. ನಿಮ್ಮ ಮಣಿಕಟ್ಟಿನ ನರ ಹಸಿರಾಗಿ ಕಾಣುತ್ತದಲ್ಲ, ಬಹುಮಟ್ಟಿಗೆ ಅದೇ ಲೆಕ್ಕ. ಸತ್ತಾಗ ಜೊತೆಗೆ ಬರುವ ಒಡವೆ ಇದೊಂದೇ ಎಂದು ನಂಬಿ ಹಾಕಿಸಿಕೊಂಡವರಿಗೆ ಇದನ್ನು ತೆಗೆಸುವ ಯೋಚನೆಯೇ ಬರುವುದಿಲ್ಲ. ಹಣೆಗೆ, ಗಲ್ಲಕ್ಕೆ ಚಿಕ್ಕಂದಿನಲ್ಲಿ ಹಚ್ಚೆ ಹಾಕಿಸಿಕೊಂಡು ಪಟ್ಟಣ ಸೇರಿದ ಕೆಲವರಿಗೆ ಬರುತ್ತದೆ. ಅವರಿಗೊಂದು ಸಮಾಧಾನದ ಸುದ್ದಿಯಿದೆ. ಲೇಸರಿಗೆ ಸುಲಭವಾಗಿ ಬಗ್ಗುವುದು ಈ ಕಪ್ಪು ಮಸಿಯೇ.

ಹುಡುಗನ ಕಥೆ ಬೇರೆ. ಇಂಥವರು ತುಂಬುತೋಳಿನ ಅಂಗಿ ಹಾಕತೊಡಗಿದರೆಂದರೆ ಒಂದೋ ಮನೆಯಲ್ಲಿ ಮದುವೆ ಮಾತು ನಡೆದಿದೆ, ಇಲ್ಲವೇ ಬಿಎಸ್‌ಎಫ್, ಸಿಆರ್‌ಪಿಎಫ್ ಭರ್ತಿ ಹತ್ತಿರ ಬಂದಿದೆ. ಈ ಅರೆಸೇನಾ ಪಡೆಗಳ ನಿಯಮ ಖಡಕ್ಕಾಗಿದೆ: ಹಚ್ಚೆ ಇರಬಹುದಾದದ್ದು ಎಡ ಮುಂದೋಳಿನ ಒಳಭಾಗದಲ್ಲಿ ಅಥವಾ ಅಂಗೈಯ ಹಿಂಬದಿಯಲ್ಲಿ. ಬಲತೋಳು ಸೆಲ್ಯೂಟ್ ಹೊಡೆಯುವ ಕೈ, ಅಲ್ಲಿ ಬೇಡ. ಗಾತ್ರವೂ ಆ ಭಾಗದ ಕಾಲು ಪಾಲಿಗಿಂತ ಕಡಿಮೆ ಇರಬೇಕು. ಜಾತ್ರೆಯಲ್ಲಿ ಬ್ಯಾಟರಿ ಮಿಷನ್ ಮುಂದೆ ಕೈ ಚಾಚುವಾಗ ಇದೆಲ್ಲ ಯಾರಿಗೆ ನೆನಪಿರುತ್ತದೆ?

ಆಗ ಗೆಳೆಯರು ಕೊಡುವ ಮೊದಲ ಸಲಹೆ, "ಅದರ ಮೇಲೆ ಒಂದು ಹದ್ದೋ ಹುಲಿಯೋ ಹಾಕಿಸಿಬಿಡು." ಹೆಸರು ಕಾಣಬಾರದು ಅನ್ನುವುದಷ್ಟೇ ಗುರಿಯಾದರೆ ಇದು ನಡೆಯುತ್ತದೆ. ಆದರೆ ಮುಚ್ಚುವುದೆಂದರೆ ಗೋಡೆಗೆ ಎರಡನೇ ಕೋಟು ಸುಣ್ಣ ಹೊಡೆದಂತಲ್ಲ. ಹೊಸ ಬಣ್ಣವೂ ಹಳೆಯದಿರುವ ಆಳಕ್ಕೇ ಇಳಿದು ಅದರೊಂದಿಗೆ ಬೆರೆಯುತ್ತದೆ. ಚೊಗರು ಹತ್ತಿದ ಪಂಚೆಯನ್ನು ತಿಳಿ ಹಳದಿಗೆ ಅದ್ದಿದರೆ ಕಲೆ ಹಾಗೇ ಕಾಣುತ್ತದೆ, ಕಡುನೀಲಿಗೆ ಅದ್ದಿದರೆ ಮಾತ್ರ ಮುಳುಗುತ್ತದೆ. ಹಾಗಾಗಿ ಮುಚ್ಚುವ ಚಿತ್ರ ಹಳೆಯದಕ್ಕಿಂತ ಕಡುವಾಗಿರಬೇಕು, ಸಾಮಾನ್ಯವಾಗಿ ಎರಡು ಮೂರು ಪಟ್ಟು ದೊಡ್ಡದೂ ಆಗುತ್ತದೆ. ಭರ್ತಿಗೆ ಹೊರಟವನಿಗೆ ಇದರಿಂದ ಕೆಟ್ಟದ್ದೇ ಹೆಚ್ಚು. ಬಲಗೈ ಬಲಗೈಯಾಗಿಯೇ ಉಳಿಯಿತು, ಕಾಲು ಪಾಲಿನ ಮಿತಿಯೂ ಮೀರಿತು.

ಇನ್ನುಳಿದದ್ದು ಲೇಸರ್. ಇದರ ಹಿಂದಿನ ತತ್ವವನ್ನು ಅಮೆರಿಕದ ಆ್ಯಂಡರ್ಸನ್ ಮತ್ತು ಪ್ಯಾರಿಶ್ 1983ರಲ್ಲಿ ವಿವರಿಸಿದರು. ಬಣ್ಣ ಮಾತ್ರ ಹೀರಿಕೊಳ್ಳುವ ಬೆಳಕನ್ನು, ಶಾಖ ಅಕ್ಕಪಕ್ಕಕ್ಕೆ ಹರಡುವ ಮೊದಲೇ ಮುಗಿದುಹೋಗುವಷ್ಟು ಚಿಕ್ಕ ಮಿಡಿತದಲ್ಲಿ ಬಿಟ್ಟರೆ, ಚರ್ಮ ಸುಡದೆ ಬಣ್ಣ ಮಾತ್ರ ಸಿಡಿಯುತ್ತದೆ. ಇಲ್ಲಿ ಬಳಸುವ ಮಿಡಿತದ ಅಳತೆ ನ್ಯಾನೋಸೆಕೆಂಡುಗಳಲ್ಲಿ, ಅಂದರೆ ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದಾಗ ಸಿಗುವ ಕೆಲವು ಪಾಲು. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟಂತೆ ಟಪ್ ಟಪ್ ಎಂದು ಹೊಡೆತ. ಹೊಡೆದ ಜಾಗ ಕ್ಷಣಾರ್ಧದಲ್ಲಿ ಬೆಳ್ಳಗಾಗಿ, ಸ್ವಲ್ಪ ಹೊತ್ತಿಗೆ ಮೊದಲಿನ ಬಣ್ಣಕ್ಕೆ ಬರುತ್ತದೆ. ಒಳಗೆ ಹೆಂಟೆ ಒಡೆದು ಪುಡಿಯಾದಂತೆ ಮಸಿ ಚೂರಾಗಿರುತ್ತದೆ. ಅದನ್ನು ಹೊತ್ತು ಸಾಗಿಸುವ ಕೆಲಸ ಮತ್ತದೇ ಕಾವಲು ಕಣಗಳದ್ದು, ಅವುಗಳಿಗೆ ಅವಸರ ಗೊತ್ತಿಲ್ಲ. ಅದಕ್ಕೇ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಆರೆಂಟು ವಾರ ಬಿಡುವು. ಕಪ್ಪು ಹಚ್ಚೆ ಕೆಲವೇ ಸಲಕ್ಕೆ ತಿಳಿಯಾಗಬಹುದು, ಬಣ್ಣ ಬಣ್ಣದ್ದು ಹತ್ತು ಸಲ ದಾಟಬಹುದು. ಭರ್ತಿಗೆ ಎರಡು ತಿಂಗಳಿದೆ ಎನ್ನುವಾಗ ಓಡಿದರೆ ಪ್ರಯೋಜನವಿಲ್ಲ, ವರ್ಷದ ಮೊದಲೇ ಶುರುವಾಗಬೇಕು.

ಎಲ್ಲ ಬಣ್ಣವೂ ಒಂದೇ ಬೆಳಕಿಗೆ ಬಗ್ಗುವುದಿಲ್ಲ. ನಮ್ಮ ಕಂದು ಮೈಬಣ್ಣಕ್ಕೆ 1064 ನ್ಯಾನೋಮೀಟರ್ ಉದ್ದದ ಅಲೆಯ ಲೇಸರ್ ಹೆಚ್ಚು ಸುರಕ್ಷಿತ, ಯಾಕೆಂದರೆ ಚರ್ಮದ ಸ್ವಂತ ಬಣ್ಣವಾದ ಮೆಲನಿನ್ ಅದನ್ನು ಕಡಿಮೆ ಹೀರುತ್ತದೆ. ಕೆಂಪು ಶಾಯಿ ಒಡೆಯಲು ಬೇಕಾದ 532ರ ಬೆಳಕನ್ನು ಮೆಲನಿನ್ ಚೆನ್ನಾಗಿಯೇ ಹೀರಿ ಬಿಳಿ ಅಥವಾ ಕಪ್ಪು ಮಚ್ಚೆ ಉಳಿಸಬಹುದು. ಇನ್ನೂ ವಿಚಿತ್ರವೆಂದರೆ ಬಿಳಿ ಮತ್ತು ತಿಳಿಗುಲಾಬಿ ಶಾಯಿ. ಅದರಲ್ಲಿ ಟೈಟಾನಿಯಂ ಡೈಆಕ್ಸೈಡ್ ಇದ್ದರೆ ಲೇಸರ್ ತಗುಲಿದ ಕೂಡಲೇ ಕಪ್ಪಾಗಿಬಿಡುತ್ತದೆ. ಅಳಿಸಲು ಹೋಗಿ ಗಾಢ ಮಾಡಿಕೊಂಡಂತೆ. ಮೊದಲು ಮೂಲೆಯಲ್ಲಿ ಚಿಕ್ಕ ಜಾಗಕ್ಕೆ ಹೊಡೆದು ನೋಡುವ ವೈದ್ಯರನ್ನು ನಿಧಾನಸ್ಥರೆಂದು ಬೈಯಬೇಡಿ.

ಆನ್‌ಲೈನಿನಲ್ಲಿ ಬರುವ ಹಚ್ಚೆ ಅಳಿಸುವ ಕ್ರೀಮುಗಳ ಬಗ್ಗೆ ಒಂದೇ ಮಾತು. ಮೇಲೆ ಹಚ್ಚಿದ ಕ್ರೀಮು ಒಳಚರ್ಮದ ಮಸಿಯನ್ನು ಮುಟ್ಟುವುದಿಲ್ಲ, ಮುಟ್ಟುವಷ್ಟು ಆಸಿಡ್ ಅದರಲ್ಲಿದ್ದರೆ ಅದು ಸುಟ್ಟ ಗಾಯ. ಗಾಯ ಗಂಟುಗಟ್ಟಿ ಬೆಳೆಯುವ ಮೈಯಾದರೆ ಹೆಸರು ಹೋಗಿ ಅದೇ ಅಕ್ಷರದ ಉಬ್ಬು ಉಳಿಯುತ್ತದೆ.

ನನ್ನನ್ನು ಕೇಳಿದರೆ, ನೌಕರಿಯ ಪ್ರಶ್ನೆಯಿದ್ದವರು ಲೇಸರಿಗೇ ಹೋಗಲಿ. ಹೆಸರಷ್ಟೇ ಕಾಟ ಕೊಡುತ್ತಿದ್ದರೆ ನಡುವಿನ ದಾರಿಯೊಂದಿದೆ: ಎರಡು ಮೂರು ಸಲ ಲೇಸರ್ ಮಾಡಿಸಿ ಹಳೆಯದನ್ನು ತಿಳಿ ಮಾಡಿಕೊಂಡು, ಆಮೇಲೆ ಚಿಕ್ಕದೊಂದು ಚಿತ್ರದಲ್ಲಿ ಮುಚ್ಚಿಸುವುದು. ತಿರುವುಮುರುವು ಮಾಡಬೇಡಿ. ಮೊದಲು ಮುಚ್ಚಿಸಿ, ಆಮೇಲೆ ಅದೂ ಬೇಡವೆನಿಸಿದರೆ ಎರಡು ಹಚ್ಚೆಯ ಶಾಯಿಯನ್ನು ಒಡೆಯಬೇಕಾಗುತ್ತದೆ. ಆದ್ದರಿಂದ ಟ್ಯಾಟೂ ಅಂಗಡಿಗೆ ಮುಂಗಡ ಕೊಡುವ ಮೊದಲು ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ ಚರ್ಮರೋಗ ವೈದ್ಯರಿಗೆ ಒಮ್ಮೆ ಕೈ ತೋರಿಸಿ.