ಓದದೆ ಖಂಡಿಸಬಾರದು



ಭೀಮಾ ನದಿಯ ಸೀಮೆಯ ಹಲಸಂಗಿ ಎಂಬ ಊರು ಕನ್ನಡಿಗರಿಗೆ ‘ಗರತಿಯ ಹಾಡು’ ಸಂಕಲನದಿಂದ ಪರಿಚಿತವಾಗಿದೆ. ಹಿಂದೆ ಇಂಡಿ ತಾಲೂಕಿಗೆ ಸೇರಿದ್ದ ಈ ಊರಿನ ಗೆಳೆಯರ ಬಳಗವು ತಾಯಂದಿರ ಬಾಯಲ್ಲಿದ್ದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ಅಚ್ಚು ಹಾಕಿಸಿತು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಎಂಬ ಹೆಸರುಗಳನ್ನು ಒಟ್ಟಿಗೆ ಓದಿದೊಡನೆಯೇ, ಮತಭೇದವು ಆ ಗೆಳೆತನಕ್ಕೂ ಆ ಓದಿಗೂ ಅಡ್ಡಿಯಾಗಲಿಲ್ಲವೆಂಬುದು ತಿಳಿಯುತ್ತದೆ.

ಈ ಬಳಗದ ಮಧುರಚೆನ್ನರು ದೇವರ ಅಸ್ತಿತ್ವವನ್ನೇ ಕುರಿತ ಸಂದೇಹದ ಕತ್ತಲೆಯನ್ನು ಹಾದುಬಂದವರು. ತಮ್ಮ ಆತ್ಮಶೋಧನೆಯ ಬರಹಗಳಿಗೆ ಅವರು ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂದು ಹೆಸರಿಟ್ಟರು. ಆ ಶೋಧನೆ ಅವರನ್ನು ಶ್ರೀ ಅರವಿಂದರ ಕಡೆಗೆ ಕರೆದೊಯ್ದಿತು. 1914ರಿಂದ ‘ಆರ್ಯ’ ಪತ್ರಿಕೆಯಲ್ಲಿ ಪ್ರಕಟವಾಗತೊಡಗಿದ ‘ದಿ ಲೈಫ್ ಡಿವೈನ್’ ಎಂಬ ಗ್ರಂಥದಲ್ಲಿ ಶ್ರೀ ಅರವಿಂದರು ಜಡದಿಂದ ಪ್ರಾಣ, ಪ್ರಾಣದಿಂದ ಮನಸ್ಸು, ಮನಸ್ಸಿನಾಚೆಗೆ ಅತಿಮಾನಸ ಎಂಬ ಚೇತನದ ವಿಕಾಸವನ್ನು ವಿವರಿಸಿದರು. ತಮ್ಮ ಆಧ್ಯಾತ್ಮಿಕ ವಿಕಾಸದ ತತ್ತ್ವವೂ ದೇಹರೂಪಗಳ ವಿಕಾಸವನ್ನು ಹೇಳುವ ವಿಜ್ಞಾನವೂ ಒಂದೇ ಅಲ್ಲ, ತಮ್ಮ ತತ್ತ್ವವು ತನ್ನದೇ ಆಧಾರದ ಮೇಲೆ ನಿಲ್ಲಬೇಕು ಎಂಬುದನ್ನೂ ಅವರು ಅಲ್ಲಿಯೇ ಸ್ಪಷ್ಟಪಡಿಸಿದ್ದಾರೆ. ಧರ್ಮ ಮತ್ತು ಜೀವವಿಕಾಸವನ್ನು ಕುರಿತ ಚರ್ಚೆ ನಮ್ಮ ಸೀಮೆಗೆ ಹೊರಗಿನಿಂದ ನಿನ್ನೆ ಮೊನ್ನೆ ಬಂದುದಲ್ಲವೆಂಬುದನ್ನು ತೋರಿಸಲೆಂದು ಇಷ್ಟನ್ನು ಮೊದಲಿಗೆ ನೆನೆದಿದ್ದೇವೆ.

ನಮ್ಮದೇ ಒಂದು ತಪ್ಪು

ಕೆಲವು ವರ್ಷಗಳ ಹಿಂದೆ ಶ್ರಾವಣಮಾಸದ ಪ್ರವಚನಕ್ಕೆಂದು ನಾವು ಮುದ್ದೇಬಿಹಾಳಕ್ಕೆ ಹೋಗಿದ್ದೆವು. ಒಂದು ಸಂಜೆ ಮಾತಿನ ಭರದಲ್ಲಿ, “ಮಂಗನಿಂದ ಮಾನವನಾದನೆಂದು ಡಾರ್ವಿನ್ ಎಂಬಾತ ಹೇಳಿದನಂತೆ, ಹಾಗಾದರೆ ಇಂದಿನ ಮಂಗಗಳೇಕೆ ಇನ್ನೂ ಮಂಗಗಳಾಗಿಯೇ ಉಳಿದಿವೆ?” ಎಂದೆವು. ಸಭೆ ನಕ್ಕಿತು. ನಮಗೂ ಹಿತವೆನಿಸಿತು.

ಪ್ರಸಾದವಾದ ಬಳಿಕ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಬಂದು ಕೈಮುಗಿದರು. ಇಸ್ಲಾಂ ಧರ್ಮದವರಾದರೂ ಪ್ರತಿವರ್ಷ ಪ್ರವಚನ ತಪ್ಪಿಸಿದವರಲ್ಲ. “ಶಾಸ್ತ್ರಿಗಳ, ತಪ್ಪು ತಿಳ್ಕೋಬ್ಯಾಡ್ರಿ. ಆ ಪುಸ್ತಕ ತಾವು ಓದೀರೇನ್ರಿ?” ಎಂದು ಮೆಲುದನಿಯಲ್ಲಿ ಕೇಳಿದರು. ನಾವು ಓದಿರಲಿಲ್ಲ.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಬಾಲ್ಯದಿಂದ ಮಠದಲ್ಲಿ ಕಲಿತವರು ನಾವು. ಅಲ್ಲಿ ನಮಗೆ ಕಲಿಸಿದ ಮೊದಲ ನಿಯಮವೆಂದರೆ, ಸಿದ್ಧಾಂತವನ್ನು ಹೇಳುವ ಮುನ್ನ ಪೂರ್ವಪಕ್ಷವನ್ನು ಹೇಳಬೇಕು; ಎದುರು ಪಕ್ಷದವನು ಕೇಳಿ “ಹೌದು, ನನ್ನ ಮಾತು ಇದೇ” ಎಂದು ಒಪ್ಪುವಂತೆ ಹೇಳಬೇಕು. ಅದಾಗದವನಿಗೆ ಖಂಡಿಸುವ ಅಧಿಕಾರವಿಲ್ಲ. ಇದೇ ಜಿಲ್ಲೆಯಲ್ಲಿ ಫ.ಗು. ಹಳಕಟ್ಟಿಯವರು ವಕೀಲಿಯ ನಡುವೆಯೂ ತಾಡವೋಲೆಗಳನ್ನು ಹುಡುಕಿ ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಸ್ಥಾಪಿಸಿದ್ದು, ಶರಣರ ಮಾತನ್ನು ಜನರು ಮೂಲದಲ್ಲಿಯೇ ಓದಲೆಂದು. ನಮ್ಮ ಗ್ರಂಥಗಳಿಗೆ ನಾವು ಬಯಸುವ ಈ ನ್ಯಾಯವನ್ನು ಇನ್ನೊಬ್ಬರ ಗ್ರಂಥಕ್ಕೆ ನಾವು ಕೊಟ್ಟಿರಲಿಲ್ಲ.

ಮರುದಿನ ಮಾಸ್ತರರ ಮನೆಗೆ ಹೋಗಿ, ಓದಿಸಿರೆಂದು ಕೇಳಿಕೊಂಡೆವು. ಹೀಗೆ ಆರಂಭವಾದ ಓದಿಗೆ ಇನ್ನಿಬ್ಬರು ಸೇರಿದರು. ಸಿಂದಗಿಯ ಒಬ್ಬ ಕೃಷಿ ಪದವೀಧರ, ತನ್ನನ್ನು ನಾಸ್ತಿಕನೆಂದು ಕರೆದುಕೊಳ್ಳುವ ತರುಣ. ಇಂಡಿಯ ಒಬ್ಬ ಗೃಹಿಣಿ, ನಿತ್ಯ ಇಷ್ಟಲಿಂಗಪೂಜೆ ಮಾಡುವ ತಾಯಿ. ಅವರ ಮಗಳು ಹತ್ತನೆಯ ತರಗತಿಯಲ್ಲಿದ್ದಳು. ನಾವು ಬಸವನ ಬಾಗೇವಾಡಿಯವರು. ತಿಂಗಳಿಗೊಂದು ಭಾನುವಾರ, ಒಂದೊಂದು ಸಲ ಒಬ್ಬೊಬ್ಬರ ಊರಿನಲ್ಲಿ, ಒಂದು ವರ್ಷ ಕಾಲ ಈ ಓದು ನಡೆಯಿತು. ಮಾಸ್ತರರು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಿದ್ದರು.

ಪುಸ್ತಕದಲ್ಲಿ ಕಂಡದ್ದು

ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಪ್ರಕಟಿಸಿದ ಆ ಗ್ರಂಥ ಜೀವಜಾತಿಗಳ ಉಗಮವನ್ನು ಕುರಿತದ್ದು. ಅದರ ಮೊದಲ ಅಧ್ಯಾಯದಲ್ಲಿ ಮಂಗನೂ ಇಲ್ಲ, ಮಾನವನ ಹುಟ್ಟಿನ ಪ್ರಶ್ನೆಯೂ ಇಲ್ಲ. ಅಲ್ಲಿರುವುದು ಸಾಕಿದ ಪಾರಿವಾಳಗಳು, ದನಕರುಗಳು, ಬೆಳೆಗಳು. ರೈತನು ರಾಶಿಗೆ ಮುನ್ನ ಒಳ್ಳೆಯ ಜೋಳದ ತೆನೆಗಳನ್ನು ಬೀಜಕ್ಕೆಂದು ತೆಗೆದಿಡುವುದನ್ನೂ, ಜಾತ್ರೆಯಲ್ಲಿ ಖಿಲಾರಿ ಹೋರಿಯ ಮೈಕಟ್ಟು ನೋಡಿ ತಳಿಗೆ ಆರಿಸುವುದನ್ನೂ ಬಲ್ಲ ನಮ್ಮ ಜನಕ್ಕೆ ಆ ಅಧ್ಯಾಯ ಹೊಸದೆನಿಸದು. ಮನುಷ್ಯನ ಆಯ್ಕೆಯಿಂದ ಕೆಲವೇ ತಲೆಮಾರುಗಳಲ್ಲಿ ಇಷ್ಟು ಬದಲಾವಣೆಯಾಗುವುದಾದರೆ, ನಿಸರ್ಗದಲ್ಲಿ ಬದುಕುಳಿದು ಸಂತಾನ ಬೆಳೆಸಬಲ್ಲ ಜೀವಿಗಳ ಗುಣಗಳು ಕೋಟ್ಯಂತರ ವರ್ಷ ಮುಂದಿನ ಪೀಳಿಗೆಗಿಳಿದರೆ ಏನಾಗಬಹುದು ಎಂಬುದು ಅವನ ಪ್ರಶ್ನೆ. ಕಾಲದ ಈ ವಿಸ್ತಾರ ಮನಸ್ಸಿಗೆ ನಿಲುಕದೆ ಹೋದಾಗ ಸಿಂದಗಿಯ ತರುಣ ಹೊಲದ ಎರೆಮಣ್ಣನ್ನು ತೋರಿಸಿದ. ಅದರಡಿಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ಲಾವಾರಸದಿಂದ ಆದದ್ದು; ಆ ಕಲ್ಲು ಸವೆದು ಈ ಮಣ್ಣಾಗಿದೆ.

ಮಾನವನ ಸಂಗತಿಯನ್ನು ಡಾರ್ವಿನ್ ವಿಸ್ತಾರವಾಗಿ ಎತ್ತಿಕೊಂಡದ್ದು 1871ರ ಇನ್ನೊಂದು ಗ್ರಂಥದಲ್ಲಿ. ಅಲ್ಲಿಯೂ, ಇಂದಿನ ವಿಜ್ಞಾನದಲ್ಲಿಯೂ, ಇಂದಿನ ಮಂಗ ನಮ್ಮ ಅಜ್ಜನಲ್ಲ. ಮಂಗಗಳಿಗೂ ನಮಗೂ ಬಹು ಹಿಂದೆ ಸಮಾನ ಪೂರ್ವಜರಿದ್ದರು ಎಂಬುದಷ್ಟೇ ಮಾತು. ದಾಯಾದಿಗಳ ಮನೆತನಗಳು ಕವಲೊಡೆದಂತೆ. ಹೀಗಾಗಿ ನಾವು ಸಭೆಯಲ್ಲಿ ಕೇಳಿ ನಗಿಸಿದ ಪ್ರಶ್ನೆಗೆ ಅರ್ಥವೇ ಇರಲಿಲ್ಲ.

ನಮ್ಮನ್ನು ಹೆಚ್ಚು ತಟ್ಟಿದ್ದು ಆರನೆಯ ಅಧ್ಯಾಯ. ತನ್ನ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ಡಾರ್ವಿನ್ ಅಲ್ಲಿ ತಾನೇ ಒಂದೊಂದಾಗಿ ಮುಂದಿಡುತ್ತಾನೆ. ಕಣ್ಣಿನಂಥ ಸೂಕ್ಷ್ಮ ಅವಯವ ಹೀಗೆ ಮೆಲ್ಲಮೆಲ್ಲನೆ ಆಗುವುದೆಂತು? ಒಂದು ಜಾತಿಯಿಂದ ಇನ್ನೊಂದಕ್ಕೆ ನಡುವಿನ ರೂಪಗಳೆಲ್ಲಿ? ಪ್ರಶ್ನೆಯ ಬಲವನ್ನು ಕುಗ್ಗಿಸದೆ ಹೇಳಿ ಆಮೇಲೆ ಉತ್ತರಕ್ಕೆ ಕೈ ಹಾಕುತ್ತಾನೆ. ಮಠದಲ್ಲಿ ನಮ್ಮ ಗುರುಗಳು ಕಲಿಸಿದ ಪೂರ್ವಪಕ್ಷದ ನಿಯಮವನ್ನು, ಯಾರನ್ನು ನಾವು ಗೇಲಿ ಮಾಡಿದ್ದೆವೋ ಆತನೇ ನಮಗಿಂತ ಚೆನ್ನಾಗಿ ಪಾಲಿಸಿದ್ದನು.

ಆತ ದೇವರನ್ನು ಅಲ್ಲಗಳೆಯಲೆಂದೇ ಬರೆದನೆ? 1860ರ ಎರಡನೆಯ ಆವೃತ್ತಿಯ ಕೊನೆಯ ವಾಕ್ಯದಲ್ಲಿ ಸೃಷ್ಟಿಕರ್ತನೆಂಬ ಪದವನ್ನು ಆತ ಸೇರಿಸಿದ. ತನ್ನ ಮಿತ್ರ ಏಸಾ ಗ್ರೇಗೆ ಅದೇ ವರ್ಷ ಬರೆದ ಪತ್ರದಲ್ಲಿ, ನಾಸ್ತಿಕವಾಗಿ ಬರೆಯುವ ಉದ್ದೇಶ ತನಗಿರಲಿಲ್ಲವೆಂದ. ಕಡೆಗಾಲದಲ್ಲಿ ತಾನು ಅಜ್ಞೇಯವಾದಿ ಎಂದುಕೊಂಡ. ಇತ್ತ ಹಾರ್ವರ್ಡಿನ ಸಸ್ಯಶಾಸ್ತ್ರಜ್ಞನಾಗಿದ್ದ ಗ್ರೇ ಶ್ರದ್ಧಾವಂತ ಕ್ರೈಸ್ತನಾಗಿದ್ದೂ ಡಾರ್ವಿನ್ನನ ವಾದವನ್ನು ಅಮೇರಿಕೆಯಲ್ಲಿ ಸಮರ್ಥಿಸಿದ. 1996ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ವಿಕಾಸವಾದವು ಬರಿಯ ಊಹೆಗಿಂತ ಹೆಚ್ಚಿನದೆಂದು ಒಪ್ಪುತ್ತಲೇ, ಮನುಷ್ಯನ ಆತ್ಮವನ್ನು ಜಡದಿಂದ ಹುಟ್ಟಿದ್ದೆಂದು ಹೇಳಲಾಗದೆಂದರು. ಆಸ್ತಿಕರೆಲ್ಲ ಒಂದು ಕಡೆ, ವಿಜ್ಞಾನಿಗಳೆಲ್ಲ ಇನ್ನೊಂದು ಕಡೆ ಎಂಬ ಗೆರೆ ಹೀಗೆ ಅಳಿಸಿಹೋಯಿತು.

ಎಲ್ಲವೂ ನಮ್ಮಲ್ಲಿಯೇ ಇದೆಯೆ?

ಓದದೆ ತಳ್ಳಿಹಾಕುವುದು ಒಂದು ದೋಷವಾದರೆ, “ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು” ಎಂದು ಬಾಚಿಕೊಳ್ಳುವುದು ಇನ್ನೊಂದು. ಮತ್ಸ್ಯ, ಕೂರ್ಮ, ವರಾಹ ಎಂಬ ದಶಾವತಾರದ ಕ್ರಮವೇ ಜೀವವಿಕಾಸವೆಂದು ಹೇಳುವವರಿದ್ದಾರೆ. ನಮಗೂ ಒಂದು ಭಾನುವಾರ, ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ನಮ್ಮ ಷಟ್‌ಸ್ಥಲವೂ ವಿಕಾಸವಾದವೇ ಅಲ್ಲವೆ ಎಂದೆನಿಸಿತು, ಹೇಳಿಯೂಬಿಟ್ಟೆವು.

ಮಾಸ್ತರರು ನೇರವಾಗಿ ಅಲ್ಲಗಳೆಯದೆ ತಮ್ಮ ಕಡೆಯ ಒಂದು ಉದಾಹರಣೆ ಕೊಟ್ಟರು. ಹದಿನಾಲ್ಕನೆಯ ಶತಮಾನದ ಇಬ್ನ್ ಖಲ್ದೂನ್ ತನ್ನ ‘ಮುಖದ್ದಿಮಾ’ ಗ್ರಂಥದಲ್ಲಿ ಖನಿಜ, ಸಸ್ಯ, ಪ್ರಾಣಿ, ಮಂಗ, ಮನುಷ್ಯ ಎಂಬ ಏಣಿಯನ್ನು ವರ್ಣಿಸಿದ್ದಾನೆ. “ಆದರೆ ನಿಸರ್ಗದ ಆಯ್ಕೆ ಎಂಬ ಕಾರಣವನ್ನು ಆತ ಹೇಳಿಲ್ಲ. ಆದ್ದರಿಂದ ಡಾರ್ವಿನ್ನನ ಸಿದ್ಧಾಂತ ನಮ್ಮದೆಂದು ನಾನು ಹೇಳಿಕೊಳ್ಳುವುದಿಲ್ಲ” ಎಂದರು. ಅವರು ತಮ್ಮ ಪರಂಪರೆಯ ವಿಷಯದಲ್ಲಿ ತೋರಿದ ಈ ಪ್ರಾಮಾಣಿಕತೆಯ ಮುಂದೆ ನಮ್ಮ ಮಾತನ್ನು ನಾವು ಹಿಂತೆಗೆದುಕೊಂಡೆವು. ಷಟ್‌ಸ್ಥಲವು ಒಬ್ಬ ಸಾಧಕನು ತನ್ನ ಜೀವಮಾನದಲ್ಲಿ ಏರುವ ಮೆಟ್ಟಿಲು; ಅದಕ್ಕೆ ಲಿಂಗಾಂಗ ಸಾಮರಸ್ಯವೆಂಬ ಗುರಿಯಿದೆ. ನಿಸರ್ಗದ ಆಯ್ಕೆಗೆ ಮೊದಲೇ ಗೊತ್ತುಮಾಡಿದ ಗುರಿಯಿಲ್ಲ. ಅದು ವ್ಯಕ್ತಿಯಲ್ಲಿ ನಡೆಯದೆ ತಲೆಮಾರುಗಳ ಮೂಲಕ ನಡೆಯುವಂಥದು. ಎರಡನ್ನೂ ಕಲಸಿದರೆ ಎರಡಕ್ಕೂ ಅನ್ಯಾಯ. ಶ್ರೀ ಅರವಿಂದರು ಅಂದು ಬೇರ್ಪಡಿಸಿ ತೋರಿದ್ದರ ಬೆಲೆ ನಮಗೆ ಆಗ ತಿಳಿಯಿತು.

ಸಿಂದಗಿಯ ತರುಣನೂ ಒಂದು ಪಾಠ ಕಲಿತ. ವಿಜ್ಞಾನ ಬಂದ ಮೇಲೆ ಧರ್ಮದ ಕೆಲಸ ಮುಗಿಯಿತೆಂದು ಆತ ವಾದಿಸುತ್ತಿದ್ದ. ವಚನಗಳನ್ನು ಓದಿದ್ದೀಯೇನಪ್ಪ ಎಂದು ನಾವು ಕೇಳಿದಾಗ ಈ ಸಲ ತಲೆ ತಗ್ಗಿಸುವ ಸರದಿ ಆತನದಾಯಿತು. ಓದಿದ. ಆಸ್ತಿಕನಾಗಲಿಲ್ಲ, ಆಗಬೇಕೆಂದು ನಾವೂ ಬಯಸಲಿಲ್ಲ. ಆದರೆ ‘ಸಮರ್ಥರೇ ಉಳಿಯುವರು’ ಎಂಬ ಮಾತನ್ನು ಮೊದಲು ಹುಟ್ಟುಹಾಕಿದ್ದು 1864ರಲ್ಲಿ ಹರ್ಬರ್ಟ್ ಸ್ಪೆನ್ಸರ್ ಎಂಬುದನ್ನೂ, ಅದನ್ನು ಹಿಡಿದು ಬಲಿಷ್ಠರು ದುರ್ಬಲರನ್ನು ತುಳಿದದ್ದನ್ನು ಸಮರ್ಥಿಸಿಕೊಂಡವರು ಇದ್ದರೆಂಬುದನ್ನೂ ಆತನೇ ನಮಗೆ ಹೇಳಿದ. ನಿಸರ್ಗದಲ್ಲಿ ಏನು ನಡೆಯುತ್ತದೆಂಬುದರಿಂದ ನಾವು ಹೇಗೆ ನಡೆಯಬೇಕೆಂಬುದು ತಾನಾಗಿ ಸಿದ್ಧಿಸುವುದಿಲ್ಲವೆಂದು ಒಪ್ಪಿದ. ಮಾನವರೆಲ್ಲರೂ ಒಂದೇ ಜೀವಜಾತಿ ಎಂದು ಜೀವಶಾಸ್ತ್ರ ಹೇಳುವುದು ನಮಗೆ ಸಂತೋಷದ ಸಂಗತಿಯೇ. ಆದರೂ ಅಣ್ಣ ಬಸವಣ್ಣನವರು ಕುಲಭೇದವನ್ನು ನಿರಾಕರಿಸಿದ್ದು ಯಾವ ಪ್ರಯೋಗಶಾಲೆಯ ಅಪ್ಪಣೆಯನ್ನೂ ಕಾಯಲಿಲ್ಲ.

ಚೈತನ್ಯವು ಜಡದಿಂದಲೇ ಹುಟ್ಟಿತೆ ಎಂಬ ಪ್ರಶ್ನೆಯಲ್ಲಿ ನಾವು ನಾಲ್ವರೂ ಕೊನೆಯವರೆಗೆ ಒಮ್ಮತಕ್ಕೆ ಬರಲಿಲ್ಲ. ಹುಟ್ಟಿತು ಎನ್ನುತ್ತಾನೆ ತರುಣ. ಇಲ್ಲವೆಂಬುದು ನಮ್ಮ ಶ್ರದ್ಧೆ. ಆ ಭಿನ್ನತೆಯನ್ನು ಹಾಗೆಯೇ ಇಟ್ಟುಕೊಂಡು ಒಟ್ಟಿಗೆ ಊಟ ಮಾಡಿ ಎದ್ದೆವು.

ಹತ್ತನೆಯ ತರಗತಿಯ ಮಗಳು

ಇದು ನಾಲ್ವರು ಹಿರಿಕಿರಿಯರ ಬಿಡುವಿನ ಚರ್ಚೆಯಷ್ಟೇ ಎಂದು ಓದುಗರು ಭಾವಿಸಬಾರದು. 2018ರ ಜನವರಿಯಲ್ಲಿ ಕೇಂದ್ರದ ಸಚಿವರೊಬ್ಬರು, ಮಂಗ ಮನುಷ್ಯನಾದದ್ದನ್ನು ನಮ್ಮ ಪೂರ್ವಜರಾರೂ ಕಂಡಿಲ್ಲ, ಡಾರ್ವಿನ್ನನ ವಾದ ತಪ್ಪು ಎಂದರು. ಮುದ್ದೇಬಿಹಾಳದಲ್ಲಿ ನಾವು ಆಡಿದ್ದೂ ಇಂಥದೇ ಮಾತು. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಡಲಾಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಮೊದಲಾದವರು ಬಹಿರಂಗ ಪತ್ರಕ್ಕೆ ಸಹಿ ಹಾಕಿ ವಿರೋಧಿಸಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಆ ವಿಷಯ ಉಳಿಯಿತೆಂಬುದು ನಿಜ. ಆದರೆ ಹತ್ತರ ನಂತರ ಎಲ್ಲರೂ ಜೀವಶಾಸ್ತ್ರವನ್ನು ಆರಿಸಿಕೊಳ್ಳುವುದಿಲ್ಲ. ಹತ್ತಕ್ಕೇ ಓದು ನಿಲ್ಲಿಸಿ ಮದುವೆಯ ಮಾತು ಕೇಳಬೇಕಾದ ಹೆಣ್ಣುಮಕ್ಕಳು ನಮ್ಮ ತಾಲೂಕುಗಳಲ್ಲಿ ಇಂದಿಗೂ ಇದ್ದಾರೆ. ಅಂಥ ಮಗಳಿಗೆ ಈ ವಿಷಯ ತಿಳಿಯಬೇಕಾದರೆ ಮನೆಯಲ್ಲಿ ಪುಸ್ತಕವಿರಬೇಕು, ಕೇಳಿದರೆ ಗದರಿಸದ ಹಿರಿಯರಿರಬೇಕು.

ಇಂಡಿಯ ತಾಯಿಯನ್ನು ಅವರ ಮಗಳು ಕೇಳಿದ್ದಳಂತೆ: “ಯವ್ವಾ, ದೇವರು ಮಾಡಿದ್ದು ಖರೇನೋ, ತಾನ ಆಗಿದ್ದು ಖರೇನೋ?” ಆ ತಾಯಿ ಉತ್ತರ ಕೊಡುವ ಅವಸರ ಮಾಡದೆ, “ನಿನ್ನ ಪುಸ್ತಕ ನನಗ ಓದಿ ಹೇಳು, ನನ್ನ ವಚನ ನಿನಗ ಓದಿ ಹೇಳ್ತೀನಿ” ಎಂದರಂತೆ. ಆ ಮನೆಯಲ್ಲಿ ಇಂದು ವಚನ ಸಂಪುಟಗಳ ಪಕ್ಕದಲ್ಲಿ ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ವೂ, ಪೂರ್ಣಚಂದ್ರ ತೇಜಸ್ವಿಯವರ ‘ಮಿಸ್ಸಿಂಗ್ ಲಿಂಕ್’ ಕೂಡ ಇವೆ. ಮಗಳ ಪ್ರಶ್ನೆ ಇನ್ನೂ ಮುಗಿದಿಲ್ಲ; ಆಕೆಯ ಲಿಂಗಪೂಜೆಯೂ ನಿಂತಿಲ್ಲ.

ಮರುವರ್ಷದ ಶ್ರಾವಣದಲ್ಲಿ ನಾವು ಮತ್ತೆ ಮುದ್ದೇಬಿಹಾಳದ ಅದೇ ವೇದಿಕೆಯ ಮೇಲೆ ಕುಳಿತು, ಹಿಂದಿನ ವರ್ಷ ಓದದೆ ಆಡಿದ ಮಾತು ತಪ್ಪಾಗಿತ್ತೆಂದು ಹೇಳಿ, ಡಾರ್ವಿನ್ ನಿಜವಾಗಿ ಏನು ಹೇಳಿದನೆಂಬುದನ್ನು ತಿಳಿದಷ್ಟು ವಿವರಿಸಿದೆವು. ನಮ್ಮ ಶ್ರದ್ಧೆ ಎಲ್ಲಿ ಬೇರೆಯೆಂಬುದನ್ನೂ ಹೇಳಿದೆವು. ಕೆಲವು ಹಿರಿಯರಿಗೆ ಅದು ರುಚಿಸಲಿಲ್ಲ. ಪ್ರವಚನದ ವೇದಿಕೆಯಲ್ಲಿ ಇದೇಕೆ ಬೇಕಿತ್ತೆಂದರು. ತಪ್ಪು ಆಡಿದ್ದು ಆ ವೇದಿಕೆಯಲ್ಲಿಯೇ ಆದ್ದರಿಂದ ತಿದ್ದಿಕೊಳ್ಳುವುದೂ ಅಲ್ಲಿಯೇ ಸಲ್ಲಬೇಕೆಂದು ಅವರಿಗೆ ಬಿನ್ನವಿಸಿದೆವು. ಮಾಸ್ತರರು ಎಂದಿನಂತೆ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಪ್ರಸಾದವಾದ ಬಳಿಕ ಬಂದು, ಮುಂದಿನ ಭಾನುವಾರ ಯಾರ ಊರಿನಲ್ಲಿ ಸೇರುವುದೆಂದು ಕೇಳಿದರು.